ಅಂಕಿತನಾಮದ ಅರ್ಥವಿಚಾರ

ಕನ್ನಡದ ಭಕ್ತಿಸಾಹಿತ್ಯದಲ್ಲಿ ಕರ್ತೃವಿನ ಹೆಸರಿಗಿಂತ ಮೊದಲು ಕಿವಿಗೆ ಬೀಳುವುದು ದೇವರ ಹೆಸರು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರೂ, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುವೂ, ಪುರಂದರವಿಠಲ ಎಂದೊಡನೆ ಪುರಂದರದಾಸರೂ ಸ್ಮರಣೆಗೆ ಬರುತ್ತಾರೆ. ಈ ಹೆಸರುಗಳನ್ನು ಅಂಕಿತವೆಂದೂ ಮುದ್ರಿಕೆಯೆಂದೂ ಕರೆಯುವುದು ವಾಡಿಕೆ. ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಫ. ಗು. ಹಳಕಟ್ಟಿಯವರು ಸಂಗ್ರಹಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದಂದಿನಿಂದ, ಯಾವ ವಚನವು ಯಾರದೆಂದು ನಿರ್ಣಯಿಸುವುದಕ್ಕೆ ಅಂಕಿತವೇ ಪ್ರಧಾನವಾದ ಆಧಾರವಾಗಿದೆ. ಈ ಉಪಯೋಗವು ಬಳಕೆಯಲ್ಲಿ ನೆಲೆಗೊಂಡಂತೆಲ್ಲ ಅಂಕಿತವೆಂದರೆ ಕವಿಯ ರುಜು ಎಂಬ ಭಾವನೆಯೂ ಬೇರೂರಿತು. ಪಾಠಶಾಲೆಗಳಲ್ಲಿ ಇಂದಿಗೂ ಅದನ್ನು ‘ಕಾವ್ಯನಾಮ’ವೆಂದೇ ಬೋಧಿಸುವುದುಂಟು.

ರುಜುವಿಗೆ ಇರಬೇಕಾದ ಲಕ್ಷಣವೊಂದು ಇದಕ್ಕೆ ಇಲ್ಲವೆಂಬುದು ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ. ರುಜು ಮಾಡುವವನು ತನ್ನ ಹೆಸರನ್ನು ಮುಂದಿಡುತ್ತಾನೆ. ಇಲ್ಲಿಯಾದರೋ ಮಾತನಾಡುವವನ ಹೆಸರು ಮರೆಯಾಗಿ, ಮಾತನ್ನು ಕೇಳಬೇಕಾದವನ ಹೆಸರು ಕೊನೆಯಲ್ಲಿ ನಿಲ್ಲುತ್ತದೆ. ವ್ಯಾಕರಣದ ದೃಷ್ಟಿಯಿಂದ ಅದು ಹೆಚ್ಚಾಗಿ ಸಂಬೋಧನೆ. ಕರೆಯುವುದು ಅದರ ಮೊದಲ ಕೆಲಸ. ಯಾರ ವಚನವೆಂದು ತಿಳಿಸುವುದು ಅದರಿಂದ ಆನುಷಂಗಿಕವಾಗಿ ದೊರೆತ ಪ್ರಯೋಜನ. ಹೀಗಿರಲು ಆ ಹೆಸರು ಹಿಡಿದು ಕರೆದವರ ಸಾಧನೆಯಲ್ಲಿ ಅದಕ್ಕೆ ಯಾವ ಅರ್ಥವಿತ್ತು, ಅದು ಎಲ್ಲಿಂದ ಬಂದಿತು, ಒಬ್ಬೊಬ್ಬರಿಗೆ ಒಂದೊಂದು ಹೆಸರು ಏತಕ್ಕೆ ಬೇಕಾಯಿತು ಎಂಬ ಪ್ರಶ್ನೆಗಳು ಪರಿಶೀಲನಾರ್ಹವಾಗಿವೆ.

ಕಡೆಯ ಪ್ರಶ್ನೆಯು ತೋರಿಕೆಗಿಂತ ಕಠಿನವಾದುದು. ಶರಣರಿಗೆಲ್ಲ ಸಮಾನವಾದ ಮಂತ್ರವೊಂದು ಇದ್ದೇ ಇತ್ತು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣಗಳಲ್ಲಿ ಎಂಟನೆಯದಾದ ಪಂಚಾಕ್ಷರಿಯು ಮಂತ್ರಿಗೂ ಮಡಿವಾಳನಿಗೂ ಒಂದೇ. ಅದರಲ್ಲಿ ಶಿವನೆಂಬ ಹೆಸರೂ ಉಂಟು. ಆದರೂ ಬಸವಣ್ಣನವರಿಗೆ ಸಂಗಮನಾಥನೂ, ಮಾಚಯ್ಯನಿಗೆ ಕಲಿದೇವನೂ, ಕಿನ್ನರಿ ಬೊಮ್ಮಯ್ಯನಿಗೆ ತ್ರಿಪುರಾಂತಕಲಿಂಗನೂ ಬೇಕಾದರು. ಜಪದಲ್ಲಿ ನಾಮವೇ ಇಡೀ ವಾಕ್ಯ. ಅದಕ್ಕೆ ಹಿಂದೆ ಮುಂದೆ ಇನ್ನೊಂದು ಮಾತು ಬೇಕಾಗಿಲ್ಲ. ವಚನದಲ್ಲಿ ಮೊದಲು ಒಂದು ಸಂಗತಿ ಬರುತ್ತದೆ: ಮನೆಯ ಕಷ್ಟ, ಮನಸ್ಸಿನ ಚಾಂಚಲ್ಯ, ನೆರೆಯವರ ಡಂಭ, ತನ್ನದೇ ತಪ್ಪು, ಆಮೇಲೆ ಅದನ್ನು ಒಪ್ಪಿಸಿಕೊಳ್ಳತಕ್ಕವನ ಹೆಸರು. ಮಂತ್ರವು ದೀಕ್ಷೆಯಲ್ಲಿ ಕಿವಿಯೊಳಗೆ ಉಪದೇಶವಾಗುವುದು, ಅಂಕಿತವು ನಾಲ್ಕು ಜನರೆದುರಿಗೆ ಬಾಯಿಬಿಟ್ಟು ಕರೆಯುವುದು. ಈ ಎರಡೂ ದೇವನಾಮಗಳೇ ಆದರೂ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಇನ್ನು ಈ ಹೆಸರುಗಳ ಮೂಲವನ್ನು ನೋಡಿದರೆ, ಅವುಗಳಲ್ಲಿ ಬಹುಭಾಗವು ಊರೂರ ದೇವಾಲಯಗಳಿಂದ ಬಂದವು. ಕೃಷ್ಣಾ ಮಲಪ್ರಭಾ ನದಿಗಳು ಕೂಡುವೆಡೆಯ ಸಂಗಮೇಶ್ವರ, ಮುದನೂರಿನ ರಾಮನಾಥ, ಹಿಪ್ಪರಗಿಯ ಕಲಿದೇವ, ಶ್ರೀಶೈಲದ ಮಲ್ಲಿಕಾರ್ಜುನ, ಕಲ್ಯಾಣದ ತ್ರಿಪುರಾಂತಕ ಇವರೆಲ್ಲರೂ ಶಿಲೆಯಲ್ಲಿ ಪ್ರತಿಷ್ಠಿತರಾಗಿ ಪೂಜೆಗೊಳ್ಳುತ್ತಿದ್ದ ದೇವರುಗಳು. ಕನ್ನಡ ನಾಡಿನಲ್ಲಿ ಲಿಂಗಗಳಿಗೆ ಹೆಸರಿಡುವ ಪದ್ಧತಿಯು ಇದಕ್ಕೆ ಮುಂಚಿನ ಶತಮಾನಗಳಲ್ಲಿ ಹೇಗಿತ್ತೆಂಬುದನ್ನು ಇಲ್ಲಿ ನೆನೆಯುವುದು ಆವಶ್ಯಕ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ವಿಜಯಾದಿತ್ಯನು (೬೯೬–೭೩೩) ಕಟ್ಟಿಸಿದ ಗುಡಿಯ ದೇವರಿಗೆ ವಿಜಯೇಶ್ವರನೆಂದು ಹೆಸರಾಯಿತು. ಅವನ ಮಗನಾದ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಎತ್ತಿಸಿದ ಗುಡಿಯ ದೇವರು ಲೋಕೇಶ್ವರನು. ಆಕೆಯ ಸವತಿಯಾದ ತ್ರೈಲೋಕ್ಯಮಹಾದೇವಿಯ ಗುಡಿಯವನು ತ್ರೈಲೋಕ್ಯೇಶ್ವರನು. ದೋರಸಮುದ್ರದ ಹೊಯ್ಸಳೇಶ್ವರನೂ ಇದೇ ಪಂಕ್ತಿಗೆ ಸೇರಿದವನು. ಕಟ್ಟಿಸಿದವರ ಹೆಸರೋ ಅರಸರ ಹೆಸರೋ ‘ಈಶ್ವರ’ ಶಬ್ದದೊಡನೆ ಸಂಧಿಯಾಗಿ ದೇವರ ಹೆಸರಾಗುತ್ತಿದ್ದಿತು. ಶಾಸನಗಳಲ್ಲಿ ಈ ಬಗೆಯ ಹೆಸರುಗಳು ಹೇರಳವಾಗಿ ದೊರೆಯುತ್ತವೆ. ಕೀರ್ತಿಯನ್ನು ಕಲ್ಲಿನಲ್ಲಿ ನಿಲ್ಲಿಸುವ ಉಪಾಯಗಳಲ್ಲಿ ಇದೂ ಒಂದು.

ಇಲ್ಲಿ ಸ್ವಾರಸ್ಯವಾದ ಸಂಗತಿಯೊಂದಿದೆ. ಪಟ್ಟದಕಲ್ಲಿಗೆ ಇಂದು ಹೋದವರು ವಿಜಯೇಶ್ವರನನ್ನಾಗಲಿ ತ್ರೈಲೋಕ್ಯೇಶ್ವರನನ್ನಾಗಲಿ ಹೆಸರು ಹಿಡಿದು ಕೇಳಿದರೆ ತೋರಿಸುವವರು ವಿರಳ. ಲೋಕೇಶ್ವರನು ವಿರೂಪಾಕ್ಷನಾಗಿದ್ದಾನೆ, ತ್ರೈಲೋಕ್ಯೇಶ್ವರನು ಮಲ್ಲಿಕಾರ್ಜುನನಾಗಿದ್ದಾನೆ, ವಿಜಯೇಶ್ವರನು ಸಂಗಮೇಶ್ವರನಾಗಿದ್ದಾನೆ. ಅರಸುಮನೆತನವು ಅಳಿದ ಮೇಲೆ ಜನರ ನಾಲಗೆಯು ಅರಸರ ಹೆಸರನ್ನು ಕಳಚಿಹಾಕಿ, ತಾನು ಕರೆಯಬಲ್ಲ ಹೆಸರನ್ನು ಇಟ್ಟುಕೊಂಡಿತು. ಅದೇ ಮಲಪ್ರಭೆಯ ದಡದಲ್ಲಿ ಹೊಳೆಯ ಹರಿವನ್ನೇ ಹಿಡಿದು ಕೆಳಕ್ಕೆ ಹೋದರೆ ಕೂಡಲಸಂಗಮವು ಸಿಕ್ಕುತ್ತದೆ. ದಾನಿಯು ತನ್ನ ಹೆಸರನ್ನು ದೇವರ ಮೇಲೆ ಇಡುವುದು ಒಂದು ಕ್ರಮವಾದರೆ, ಭಕ್ತನು ತನ್ನ ಮಾತಿನ ಮೇಲೆ ದೇವರ ಹೆಸರನ್ನು ಇಡುವುದು ಅದಕ್ಕೆ ನೇರವಾಗಿ ವಿಪರೀತವಾದ ಕ್ರಮ. ಹನ್ನೆರಡನೆಯ ಶತಮಾನದ ಶರಣರು ಈ ಎರಡನೆಯದನ್ನು ಹಿಡಿದರು.

ಆದರೆ ಗುಡಿಯ ದೇವರ ಹೆಸರನ್ನೇ ಹಿಡಿದವರು ಗುಡಿಯನ್ನು ಕುರಿತು ಏನು ಹೇಳಿದರೆಂಬುದು ಎಲ್ಲರಿಗೂ ತಿಳಿದ ವಿಷಯ. ದೇಹವನ್ನೇ ದೇಗುಲವಾಗಿ ಭಾವಿಸಿ, ನಿಂತುದಕ್ಕೆ ನಾಶವನ್ನೂ ಚಲಿಸುವುದಕ್ಕೆ ಅವಿನಾಶವನ್ನೂ ಸಾರಿದ ಬಸವಣ್ಣನವರ ಪ್ರಸಿದ್ಧವಾದ ವಚನವು ಕೊನೆಯಲ್ಲಿ ಕರೆಯುವುದು ನಿಂತ ಗುಡಿಯೊಂದರ ದೇವರನ್ನೇ. ಇದನ್ನು ವಿರೋಧವೆಂದು ತೋರಿಸಿದವರುಂಟು. ಈ ಹೆಸರು ಗುಡಿಯಿಂದ ಹೊರಟು ಬಂದ ಬಗೆಯನ್ನು ಗಮನಿಸಿದರೆ ವಿರೋಧವು ಪರಿಹಾರವಾಗುತ್ತದೆ. ಹರಿಹರನ ‘ಬಸವರಾಜದೇವರ ರಗಳೆ’ಯ ಪ್ರಕಾರ ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಸಂಗಮಕ್ಕೆ ಬಂದು ಅಲ್ಲಿ ಸಂಗಮನಾಥನ ಪೂಜೆಯಲ್ಲಿ ಮಗ್ನರಾಗುತ್ತಾರೆ. ಒಂದು ರಾತ್ರಿ ಕನಸಿನಲ್ಲಿ ದೇವರೇ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಆಜ್ಞಾಪಿಸುತ್ತಾನೆ. ಅಗಲಿಕೆಯನ್ನು ತಾಳಲಾರದೆ ಬಸವಣ್ಣನವರು ಗೋಳಿಡುತ್ತಾರೆ. ಆಗ ದೇವರು ತಾನೂ ಜೊತೆಗೆ ಬರುವೆನೆಂದು ಅಭಯವಿತ್ತು, ನಂದಿಯ ಬಾಯಿಂದ ಲಿಂಗರೂಪದಲ್ಲಿ ಅವರ ಕೈಗೆ ಬರುತ್ತಾನೆ. ಈ ಕಥೆಯ ಐತಿಹಾಸಿಕತೆಯನ್ನು ಕುರಿತು ವಾದಿಸುವುದಕ್ಕಿಂತ, ಹರಿಹರನು ಇದರಲ್ಲಿ ಏನನ್ನು ಕಂಡನೆಂಬುದು ಮುಖ್ಯ. ಗುಡಿಯ ಲಿಂಗವು ಗುಡಿಯಲ್ಲೇ ಉಳಿಯಿತು. ಹೆಸರು ಮಾತ್ರ ಅಂಗೈಯ ಲಿಂಗದೊಡನೆ ಹೊರಟಿತು. ಅಲ್ಲಿಂದ ಮುಂದೆ ಕಲ್ಯಾಣದ ಮಹಾಮನೆಯಲ್ಲಿ ಕುಳಿತು ಕೂಡಲಸಂಗಮದೇವನೆಂದು ಕರೆದಾಗ, ಆ ಕರೆಯು ನೂರಾರು ಮೈಲಿಯಾಚೆಯ ನದೀಸಂಗಮದಲ್ಲಿರುವ ಶಿಲೆಯನ್ನು ಉದ್ದೇಶಿಸಿದ್ದಲ್ಲ. ತನ್ನೊಡನೆ ಬಂದವನನ್ನು ಕುರಿತದ್ದು. ಊರಿನ ಹೆಸರು ಮಾತ್ರ ಕಳಚದೆ ಅಂಟಿಕೊಂಡೇ ಇತ್ತು, ತವರಿನ ಹೆಸರು ಹೆಣ್ಣುಮಗಳೊಡನೆ ಉಳಿದಂತೆ.

ಇದೇ ವಿಷಯವನ್ನು ಸಿದ್ಧರಾಮನ ಚರಿತ್ರೆಯು ಇನ್ನೂ ತೀಕ್ಷ್ಣವಾಗಿ ನಿರೂಪಿಸುತ್ತದೆ. ರಾಘವಾಂಕನ ‘ಸಿದ್ಧರಾಮಚಾರಿತ್ರ’ದಲ್ಲಿ ಹೊಲದ ಬಳಿಯಿರುವ ಬಾಲಕನೆದುರಿಗೆ ಜಂಗಮನೊಬ್ಬನು ಬಂದು ನಿಲ್ಲುತ್ತಾನೆ. ತನ್ನ ಹೆಸರು ಮಲ್ಲಯ್ಯನೆಂದೂ ಊರು ಶ್ರೀಶೈಲವೆಂದೂ ಹೇಳುತ್ತಾನೆ. ಹಸಿವೆಂದು ಉಣಿಸನ್ನು ಬೇಡುತ್ತಾನೆ. ಹುಡುಗನು ಮನೆಗೆ ಓಡಿ ತಂದು ನೋಡುವಷ್ಟರಲ್ಲಿ ಬಂದವನಿಲ್ಲ. ಮಲ್ಲಯ್ಯನೆಂದು ಕೂಗುತ್ತ ಅಳುತ್ತ ಹುಡುಗನು ಶ್ರೀಶೈಲದ ದಾರಿ ಹಿಡಿಯುತ್ತಾನೆ. ಯಾತ್ರಿಕರೊಡನೆ ಬೆಟ್ಟವನ್ನು ಸೇರಿದ ಮೇಲೆ ಅವರು ಗರ್ಭಗೃಹದ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆನ್ನುತ್ತಾರೆ. ಬಾಲಕನು ಒಪ್ಪುವುದಿಲ್ಲ. ತನ್ನೊಡನೆ ಮಾತನಾಡಿದವನು, ಹಸಿದು ಬಂದವನು ಅವನಿಗೆ ಮಲ್ಲಯ್ಯನು; ಕಲ್ಲನ್ನು ಆ ಹೆಸರಿನಿಂದ ಕರೆಯಲು ಅವನ ಬಾಯಿ ಬರುವುದಿಲ್ಲ. ಬೆಟ್ಟದಲ್ಲೆಲ್ಲ ಹುಡುಕಿ ಕಾಣದೆ ಕಮರಿಗೆ ಹಾರುತ್ತಾನೆ, ಹಾರುವಾಗ ಮಲ್ಲಯ್ಯನು ಕೈಹಿಡಿಯುತ್ತಾನೆ.

ದೇವನಾಮದ ಅರ್ಥವನ್ನು ಕುರಿತು ಕನ್ನಡದಲ್ಲಿ ಬಂದ ಶಾಸ್ತ್ರವಿಚಾರಗಳಾವುವೂ ಈ ಪ್ರಸಂಗದಷ್ಟು ಸ್ಪಷ್ಟವಾಗಿಲ್ಲವೆಂದರೆ ಅತಿಶಯೋಕ್ತಿಯಾಗದು. ಯಾತ್ರಿಕರು ತೋರಿಸಿದ ಲಿಂಗವು ಸುಳ್ಳಲ್ಲ. ಶ್ರೀಶೈಲದ ಮಲ್ಲಿಕಾರ್ಜುನನು ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಬ್ಬನು, ಹೆಸರೂ ಅವನದೇ. ಆದರೆ ಹೆಸರು ಸರಿಯಾಗಿದ್ದ ಮಾತ್ರಕ್ಕೆ ಕರೆಯು ಸಲ್ಲುವುದಿಲ್ಲವೆಂದು ರಾಘವಾಂಕನು ಎಳೆಯನ ಹಟದ ಮೂಲಕ ಹೇಳಿದ್ದಾನೆ. ಸಿದ್ಧರಾಮನು ಆಮೇಲೆ ಸೊನ್ನಲಿಗೆಗೆ ಹಿಂದಿರುಗಿ, ಗುಡಿಯನ್ನು ಕಟ್ಟಿಸಿ, ಕೆರೆಯನ್ನು ತೋಡಿಸಿ, ಕಪಿಲಸಿದ್ಧಮಲ್ಲಿಕಾರ್ಜುನನೆಂಬ ಹೆಸರಿನಿಂದ ಅವನನ್ನು ಕರೆದನು. ಶೂನ್ಯಸಂಪಾದನೆಗಳ ಪ್ರಕಾರ ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು ಅವನನ್ನು ಒಡ್ಡರಾಮನೆಂದು ಜರೆದು, ಕೆರೆ ಗುಡಿಗಳ ಕರ್ಮಯೋಗದಿಂದ ಎಬ್ಬಿಸಿ ಕಲ್ಯಾಣಕ್ಕೆ ಕರೆತರುತ್ತಾನೆ. ಅಲ್ಲಿ ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯಾಗುತ್ತದೆ. ಮತ, ಆಚಾರ, ಬಾಳಿನ ದಿಕ್ಕು ಇಷ್ಟೆಲ್ಲ ಬದಲಾದರೂ ಅಂಕಿತವು ಬದಲಾಗಲಿಲ್ಲ. ತಾನೇ ಕಟ್ಟಿಸಿ, ತಾನೇ ಮೀರಿಹೋದ ಗುಡಿಯ ದೇವರ ಹೆಸರನ್ನು ಹಿಡಿದೇ ಸಿದ್ಧರಾಮನು ಕಡೆಯವರೆಗೂ ಮಾತನಾಡಿದನು.

ಗುಡಿಯ ಹೆಸರುಗಳೊಡನೆ ಕಾಯಕದ ಹೆಸರುಗಳೂ ಉಂಟು. ದನಗಾಹಿಯಾದ ತುರುಗಾಹಿ ರಾಮಣ್ಣನ ದೇವರು ಗೋಪತಿನಾಥ ವಿಶ್ವೇಶ್ವರಲಿಂಗ. ನುಲಿಯ ಚಂದಯ್ಯನದು ಚಂದೇಶ್ವರಲಿಂಗ. ಮಾದಾರ ಚೆನ್ನಯ್ಯನ ಅಂಕಿತದಲ್ಲಿಯಂತೂ ಉಳಿ, ಕತ್ತಿ, ಅಡಿಗೂಟ ಎಂಬ ಚಮ್ಮಾರನ ಕೈಹತಾರಗಳು ಮೊದಲು ಬಂದು, ಅವುಗಳಿಗೆ ಅಡಿಯಾಳಾಗಬೇಡವೆಂಬ ಎಚ್ಚರಿಕೆಯೂ ಸೇರಿ, ಆಮೇಲೆ ನಿಜಾತ್ಮಾರಾಮನ ಹೆಸರು ಬರುತ್ತದೆ. ಕೆಲಸ ಮಾಡುತ್ತ ಮಾಡುತ್ತ ಹೇಳಿಕೊಂಡ ಹೆಸರೆಂದು ಅದನ್ನು ಊಹಿಸಿದರೆ ತಪ್ಪಾಗದು. ಅಂಬಿಗರ ಚೌಡಯ್ಯನು ಇವರೆಲ್ಲರಿಗೂ ಅಪವಾದ. ಅವನ ವಚನಗಳ ಕೊನೆಯಲ್ಲಿರುವುದು ಅವನದೇ ಹೆಸರು. ಇಷ್ಟು ಜನರು ದೇವರ ಹಿಂದೆ ನಿಂತು ಮಾತನಾಡಿದ ಕಾಲದಲ್ಲಿ ಇವನೊಬ್ಬನು ಹಾಗೆ ನಿಲ್ಲಲಿಲ್ಲ. ಅದನ್ನು ಅಹಂಕಾರವೆನ್ನುವುದಕ್ಕಿಂತ, ತನ್ನ ಕಟುಮಾತಿಗೆ ತಾನೇ ಹೊಣೆಯೆಂಬ ನೇರವೆನ್ನುವುದು ಲೇಸು.

ಶರಣೆಯರ ಅಂಕಿತಗಳು ಪ್ರತ್ಯೇಕವಾದ ವಿಚಾರಕ್ಕೆ ಅರ್ಹವಾಗಿವೆ. ಆಯ್ದಕ್ಕಿ ಲಕ್ಕಮ್ಮನು ಮಾರಯ್ಯಪ್ರಿಯ ಅಮರೇಶ್ವರಲಿಂಗನೆನ್ನುತ್ತಾಳೆ; ಅಮರೇಶ್ವರಲಿಂಗನು ಪತಿಯಾದ ಮಾರಯ್ಯನ ಅಂಕಿತ. ಹಡಪದ ಲಿಂಗಮ್ಮನದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ದೇವರ ಬಳಿಗೆ ಪತಿಯ ಹೆಸರಿನ ಬಾಗಿಲಿನಿಂದಲೇ ಹೋಗುವ ಈ ರೀತಿಯನ್ನು ಪಾರತಂತ್ರ್ಯವೆಂದು ಸರಸರನೆ ತೀರ್ಮಾನಿಸುವುದಕ್ಕಾಗದು. ಮಾರಯ್ಯನು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿ ಗಂಡನನ್ನು ತಿದ್ದಿದವಳು ಇದೇ ಲಕ್ಕಮ್ಮ. ಮುಕ್ತಾಯಕ್ಕನು ಅಣ್ಣನೂ ಗುರುವೂ ಆದ ಅಜಗಣ್ಣನ ಹೆಸರನ್ನೇ ದೇವರ ಸ್ಥಾನದಲ್ಲಿ ಇಟ್ಟಳು. ಅವನು ತೀರಿದ ಮೇಲಿನ ಆಕೆಯ ಶೋಕವೆಲ್ಲ ಆ ಸಂಬೋಧನೆಯಲ್ಲಿದೆ. ಸತ್ಯಕ್ಕನ ಶಂಭುಜಕ್ಕೇಶ್ವರನಿಗೆ ಯಾರ ನಂಟೂ ಇಲ್ಲ. ಸೂಳೆ ಸಂಕವ್ವೆಯ ವಚನವು ಒಂದೇ ಒಂದು ಉಳಿದಿದ್ದು, ಅದರಲ್ಲಿ ಆಕೆ ಕರೆದಿರುವುದು ನಿರ್ಲಜ್ಜೇಶ್ವರನನ್ನು. ಲೋಕವು ಆಕೆಯ ಮೇಲೆ ಹೊರಿಸಿದ ಮಾತನ್ನು ಆಕೆ ದೇವರ ಹೆಸರಾಗಿ ಮಾಡಿಕೊಂಡಳು. ಅಂಕಿತವೆಂಬುದು ಎಷ್ಟು ಸ್ವಂತವಾದ ವಸ್ತುವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಅಲ್ಲಮನ ಗುಹೇಶ್ವರನಿಗೂ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನಿಗೂ ಬಂದರೆ ಶಬ್ದಾರ್ಥದ ತೊಡಕು ಎದುರಾಗುತ್ತದೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಪ್ರಿಯೆಯನ್ನು ಕಳೆದುಕೊಂಡ ಅಲ್ಲಮನು ಕಾಲ್ಬೆರಳಿನಿಂದ ನೆಲವನ್ನು ಕೆದರುತ್ತಿರುವಾಗ ಹೂತುಹೋದ ಗುಡಿಯೊಂದರ ಕಳಸವು ಕಾಣುತ್ತದೆ, ಒಳಗೆ ಹೊಕ್ಕಾಗ ಅನಿಮಿಷಯ್ಯನ ದರ್ಶನವಾಗಿ, ಅವನ ಕೈಯ ಲಿಂಗವು ಇವನಿಗೆ ದೊರೆಯುತ್ತದೆ. ಗುಹೆಯೆಂಬುದಕ್ಕೆ ಆ ನೆಲದೊಳಗಿನ ಗುಡಿಯೆಂದು ಅರ್ಥ ಹೇಳುವವರಿದ್ದಾರೆ. ಉಪನಿಷತ್ತುಗಳಲ್ಲಿ ಹೃದಯವನ್ನು ಗುಹೆಯೆಂದಿರುವುದನ್ನು ಹಿಡಿದು ಅಧ್ಯಾತ್ಮಾರ್ಥವನ್ನು ಹೇಳುವವರೂ ಇದ್ದಾರೆ. ಎರಡೂ ಸಲ್ಲುತ್ತವೆ. ಆದರೆ ಅಲ್ಲಮನ ವಚನಗಳಲ್ಲಿ ಈ ಹೆಸರು ಮಾಡುವ ಕೆಲಸವು ಇತರರಲ್ಲಿ ಮಾಡುವ ಕೆಲಸಕ್ಕಿಂತ ಬೇರೆ. ಬಸವಣ್ಣನವರು ಕರೆದು ಮೊರೆಯಿಡುತ್ತಾರೆ; ಅಲ್ಲಮನು ಕರೆದು ಪ್ರಶ್ನಿಸುತ್ತಾನೆ, ಕೆಲವೆಡೆ ಆ ಹೆಸರನ್ನೇ ಅಲ್ಲಗಳೆಯುತ್ತಾನೆ. ನಾಮರೂಪಗಳಿಲ್ಲದ ಬಯಲನ್ನು ಕುರಿತು ಆಡಿದ ಮಾತೂ ಒಂದು ಹೆಸರಿನಲ್ಲೇ ಮುಗಿಯಬೇಕಾದ ಸಂಕಟವನ್ನು ಅಲ್ಲಮನಷ್ಟು ಬಲ್ಲವರಿಲ್ಲ.

ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನು ಪತಿ. ‘ಚೆನ್ನ’ ಎಂಬ ಚಿಕ್ಕ ಕನ್ನಡ ವಿಶೇಷಣವು ಶ್ರೀಶೈಲದ ಸಂಸ್ಕೃತ ನಾಮದ ಮುಂದೆ ಕೂಡಿಕೊಂಡು, ದೂರದ ಬೆಟ್ಟದ ದೇವರನ್ನು ಒಲಿದ ಗಂಡನನ್ನಾಗಿ ಮಾಡಿತು. ಮಲ್ಲಿಕಾರ್ಜುನ ಶಬ್ದವನ್ನು ಮಲ್ಲಿಗೆಯಿಂದ ಪೂಜೆಗೊಂಡವನೆಂದು ಸ್ಥಳಪುರಾಣಗಳು ಬಿಡಿಸುತ್ತವೆ. ಅರ್ಜುನಶಬ್ದಕ್ಕೆ ಬೆಳ್ಳಗಿರುವುದೆಂದೂ ಅರ್ಥವಿರುವುದರಿಂದ ಮಲ್ಲಿಗೆಯಂತೆ ಬಿಳಿಯನೆಂದೂ ಬಿಡಿಸಬಹುದು. ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಈ ಎರಡನೆಯ ಅರ್ಥವನ್ನೇ ಹಿಡಿದು, ಅಂಕಿತವನ್ನು ಅಂಕಿತವಾಗಿ ಉಳಿಸದೆ ಮಲ್ಲಿಗೆಬಿಳುಪಿನ ಒಡೆಯನೆಂಬ ಅರ್ಥದ ಮಾತಾಗಿ ಪರಿವರ್ತಿಸಿದರು. ಕೂಡಲಸಂಗಮದೇವನೂ ಅಲ್ಲಿ ಕೂಡುವ ನದಿಗಳ ಒಡೆಯನಾದನು. ಲೋಕಕ್ಕೆ ವಚನವನ್ನು ಪರಿಚಯಿಸಿದ ಕೀರ್ತಿಯು ಆ ಗ್ರಂಥಕ್ಕೆ ಸಲ್ಲತಕ್ಕದ್ದು. ಕಾವ್ಯವಾಗಿ ಆ ಪರಿವರ್ತನೆಯು ರಮ್ಯವೂ ಹೌದು. ಆದರೂ ನಷ್ಟವಾದುದೇನೆಂಬುದನ್ನು ಮರೆಯಬಾರದು. ಕನ್ನಡಿಗನು ಆ ಹೆಸರನ್ನು ಕೇಳುವಾಗ ಮಲ್ಲಿಗೆಯನ್ನಾಗಲಿ ಬಿಳುಪನ್ನಾಗಲಿ ಪ್ರತ್ಯೇಕವಾಗಿ ಭಾವಿಸುವುದಿಲ್ಲ, ಮನೆಯ ಮಗನನ್ನು ಶಂಕರನೆಂದು ಕೂಗುವಾಗ ‘ಶಂ’ ಮಾಡುವವನೆಂದು ಯಾರೂ ಯೋಚಿಸದಂತೆ. ನಿರುಕ್ತಿಯು ನಾಮದ ಅರ್ಥಗಳಲ್ಲಿ ಒಂದು ಮಾತ್ರ. ಕರೆಯುವುದರಿಂದ ಹುಟ್ಟುವ ಅರ್ಥವನ್ನು ಬೇರೊಂದು ಭಾಷೆಯ ಗುಣವಾಚಕವು ತುಂಬಿಕೊಡಲಾರದು.

ಹರಿದಾಸರ ಪರಂಪರೆಯಲ್ಲಿ ಅಂಕಿತವು ವಿಧಿಯ ರೂಪವನ್ನು ಪಡೆಯಿತು. ಶ್ರೀಪಾದರಾಜರ ರಂಗವಿಠಲ, ವ್ಯಾಸರಾಯರ ಸಿರಿಕೃಷ್ಣ, ವಾದಿರಾಜರ ಹಯವದನ ಇವು ಯತಿಗಳು ತಮ್ಮ ಉಪಾಸನೆಗೆ ಅನುಗುಣವಾಗಿ ಇಟ್ಟುಕೊಂಡ ಹೆಸರುಗಳಾಗಿ ತೋರುತ್ತವೆ. ಪುರಂದರದಾಸರ (ನಿಧನ ೧೫೬೪) ಅಂಕಿತವು ವ್ಯಾಸರಾಯರಿಂದ ಬಂದುದೆಂದು ಸಂಪ್ರದಾಯವು ಹೇಳುತ್ತದೆ. ಅಲ್ಲಿಂದ ಮುಂದೆ ಗುರುವು ಶಿಷ್ಯನಿಗೆ ಅಂಕಿತವನ್ನು ಕೊಡುವುದೇ ದಾಸದೀಕ್ಷೆಯ ಮುಖ್ಯಾಂಗವಾಯಿತು. ವಿಜಯದಾಸರಿಗೆ (೧೬೮೨–೧೭೫೫) ಕಾಶಿಯಲ್ಲಿ ಪುರಂದರದಾಸರೇ ಸ್ವಪ್ನದಲ್ಲಿ ಅಂಕಿತವಿತ್ತರೆಂಬ ಕಥೆಯುಂಟು. ಭಾಗಣ್ಣನೆಂಬ ಹೆಸರಿನಲ್ಲಿದ್ದಾಗ ವೆಂಕಟಕೃಷ್ಣನೆಂದು ಹಾಡುತ್ತಿದ್ದವರು ವಿಜಯದಾಸರಿಂದ ಗೋಪಾಲವಿಠಲನೆಂಬ ಅಂಕಿತವನ್ನು ಪಡೆದು ಗೋಪಾಲದಾಸರಾದರು. ಅವರ ಶಿಷ್ಯರಾದ ಶ್ರೀನಿವಾಸಾಚಾರ್ಯರು ಜಗನ್ನಾಥವಿಠಲಾಂಕಿತರಾಗಿ ಜಗನ್ನಾಥದಾಸರೆಂದು (೧೭೨೮–೧೮೦೯) ಪ್ರಸಿದ್ಧರಾದರು. ವಿಠಲನು ಎಲ್ಲರಿಗೂ ಸಮಾನ. ಮುಂದೆ ಸೇರುವ ವಿಜಯ, ಗೋಪಾಲ, ಜಗನ್ನಾಥ ಎಂಬ ಶಬ್ದವು ಒಬ್ಬೊಬ್ಬನ ಪಾಲಿಗೆ ಬಂದ ಭಾಗ. ಮನೆತನದ ಹೆಸರೊಂದು, ವ್ಯಕ್ತಿಯ ಹೆಸರೊಂದು ಎಂಬಂತೆ.

ವಚನಕಾರರಲ್ಲಿ ಇಲ್ಲದ ಒಂದು ಪರಿಣಾಮವು ಇಲ್ಲಿ ಕಾಣುತ್ತದೆ. ಬಸವಣ್ಣನವರು ಬಸವಣ್ಣನವರಾಗಿಯೇ ಉಳಿದರು, ಸಂಗಮದಾಸರಾಗಲಿಲ್ಲ. ಹರಿದಾಸರ ಪೂರ್ವನಾಮಗಳಾದರೋ ಅಂಕಿತದೊಳಗೆ ಕರಗಿಹೋದವು. ದೇವರನ್ನು ಕರೆಯಲೆಂದು ಕೊಟ್ಟ ಹೆಸರಿನಿಂದಲೇ ಊರವರು ಭಕ್ತನನ್ನು ಕರೆಯತೊಡಗಿದರು. ಕನಕದಾಸರು ಇದಕ್ಕೆ ಹೊರಗೆ ನಿಲ್ಲುತ್ತಾರೆ. ವ್ಯಾಸರಾಯರ ಆಶ್ರಯವಿದ್ದರೂ ಅವರ ಅಂಕಿತವು ವಿಠಲನದಲ್ಲ, ಕಾಗಿನೆಲೆಯ ಆದಿಕೇಶವನದು. ಊರಿನ ಹೆಸರೂ ದೇವರ ಹೆಸರೂ ಕೂಡಿರುವ ಈ ಅಂಕಿತದ ಕಟ್ಟು ದಾಸಕೂಟದ ಪದ್ಧತಿಗಿಂತ ಶರಣರ ಪದ್ಧತಿಗೆ ಹತ್ತಿರವಾಗಿದೆ. ಹೆಳವನಕಟ್ಟೆ ಗಿರಿಯಮ್ಮನ ಹೆಳವನಕಟ್ಟೆ ರಂಗನೂ ಇಂತಹುದೇ.

ದ್ವೈತಸಿದ್ಧಾಂತದಲ್ಲಿ ಸಕಲ ಶಬ್ದಗಳಿಗೂ ವಿಷ್ಣುವೇ ಮುಖ್ಯಾರ್ಥವೆಂಬ ತತ್ತ್ವವಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ತತ್ತ್ವವನ್ನು ದಿನಚರಿಗೆ ಇಳಿಸಿದ ಗ್ರಂಥ ಜಗನ್ನಾಥದಾಸರ ‘ಹರಿಕಥಾಮೃತಸಾರ’. ಭಾಮಿನೀಷಟ್ಪದಿಯ ಆ ಕೃತಿಯ ಮಾತೃಕಾಸಂಧಿಯಲ್ಲಿ ವರ್ಣಮಾಲೆಯ ಅಕ್ಷರಗಳೆಲ್ಲ ಭಗವದ್ರೂಪಗಳಾಗುತ್ತವೆ. ನಾಮಸ್ಮರಣಸಂಧಿಯಲ್ಲಿ ಮಗುವನ್ನು ಆಡಿಸುವಾಗ, ಹೆಂಡತಿಯೊಡನೆ ಸರಸದಲ್ಲಿರುವಾಗ, ವಾಹನವೇರಿ ಮೆರೆಯುವಾಗ ಹರಿಯ ಹೆಸರನ್ನು ನೆನೆಯುವ ಬಗೆಯನ್ನು ಹೇಳಿದೆ. ಎಲ್ಲ ಶಬ್ದಗಳೂ ಅವನ ಹೆಸರೇ ಆದರೆ ಪ್ರತ್ಯೇಕವಾದ ಅಂಕಿತವು ವ್ಯರ್ಥವಲ್ಲವೆ ಎಂಬ ಆಕ್ಷೇಪವು ಏಳಬಹುದು. ದಾಸರ ನಡೆವಳಿಕೆಯೇ ಅದಕ್ಕೆ ಉತ್ತರ: ಎಲ್ಲ ಹೆಸರುಗಳೂ ಅವನವೆಂದು ತಿಳಿಯುವುದು ಜ್ಞಾನ, ಅವುಗಳಲ್ಲಿ ಒಂದನ್ನು ಗುರುವಿನ ಕೈಯಿಂದ ತನ್ನದೆಂದು ಪಡೆಯುವುದು ಸಾಧನೆ. ವಚನಪರಂಪರೆಯ ಉತ್ತರಕಾಲದಲ್ಲಿಯೂ ಗುರುವಿನ ಮಹತ್ತ್ವವು ಅಂಕಿತದೊಳಕ್ಕೆ ಬಂದಿತು. ಜೇವರ್ಗಿಯ ಷಣ್ಮುಖಸ್ವಾಮಿಯ ಅಂಕಿತವಾದ ಅಖಂಡೇಶ್ವರನು ಅವನ ಗುರುವಿನ ಹೆಸರೇ.

ಅಂಕಿತವು ಕರ್ತೃನಿರ್ಣಯಕ್ಕೆ ಎಷ್ಟರ ಮಟ್ಟಿಗೆ ಪ್ರಮಾಣವೆಂಬ ಪ್ರಶ್ನೆಯನ್ನು ಇಷ್ಟಾದ ಮೇಲೆ ಎತ್ತಬಹುದು. ಒಂದೇ ವಚನವು ಒಂದು ಪ್ರತಿಯಲ್ಲಿ ಒಬ್ಬರ ಅಂಕಿತದಲ್ಲಿಯೂ ಮತ್ತೊಂದರಲ್ಲಿ ಮತ್ತೊಬ್ಬರ ಅಂಕಿತದಲ್ಲಿಯೂ ದೊರೆಯುವುದುಂಟು. ಪುರಂದರದಾಸರ ಹೆಸರಿನಲ್ಲಿ ಅನ್ಯರ ಕೀರ್ತನೆಗಳು ಸೇರಿರುವುದೂ ನಿಜ. ಇವೆಲ್ಲವನ್ನೂ ಲಿಪಿಕಾರರ ಪ್ರಮಾದವೆಂದು ತಳ್ಳಿಹಾಕುವ ಸಂಪಾದಕರು ಒಂದು ಸಂಭವವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕೂಡಲಸಂಗಮದೇವನನ್ನು ಕರೆಯುವ ಹಕ್ಕು ಬಸವಣ್ಣನ ಭಕ್ತನಾದ ತನಗೂ ಇದೆಯೆಂದು ಮುಂದಿನವನೊಬ್ಬನು ಭಾವಿಸಿದ್ದರೆ, ಅವನ ದೃಷ್ಟಿಯಲ್ಲಿ ಅದು ಕೃತಿಚೌರ್ಯವಲ್ಲ. ವಚನವನ್ನು ಹಾಡುವವನೂ ಪ್ರತಿಸಲ ಮಾಡುವುದು ಅದನ್ನೇ ಅಲ್ಲವೆ? ಅಂಕಿತದ ಬಳಿಗೆ ಬಂದಾಗ ಹಾಡುಗಾರನು ಕರೆಯುವವನ ಸ್ಥಾನದಲ್ಲಿ ತಾನೇ ನಿಲ್ಲುತ್ತಾನೆ. ಆದರೆ ಇದೇ ಕಾರಣದಿಂದ, ಇದ್ದ ಅಂಕಿತವನ್ನು ತೆಗೆದು ಬೇರೊಂದನ್ನು ಇಡುವುದು ಹೊಸ ವಚನವನ್ನು ಹಳೆಯ ಅಂಕಿತದಲ್ಲಿ ಹೇಳುವುದಕ್ಕಿಂತ ಬಹಳ ದೊಡ್ಡ ಕಾರ್ಯ.

ಅಂತಹದೊಂದು ಕಾರ್ಯವು ಇತ್ತೀಚಿನ ಕಾಲದಲ್ಲೇ ನಡೆಯಿತು. ೧೯೯೦ರ ದಶಕದಲ್ಲಿ ಮಾತೆ ಮಹಾದೇವಿಯವರು (೧೯೪೬–೨೦೧೯) ‘ಬಸವವಚನದೀಪ್ತಿ’ಯೆಂಬ ಸಂಕಲನದಲ್ಲಿ ಬಸವಣ್ಣನವರ ವಚನಗಳ ಕೂಡಲಸಂಗಮದೇವ ಎಂಬ ಅಂಕಿತಕ್ಕೆ ಬದಲಾಗಿ ಲಿಂಗದೇವ ಎಂದು ಮುದ್ರಿಸಿದರು. ನಾಡಿನಲ್ಲಿ ತೀವ್ರವಾದ ವಿರೋಧವುಂಟಾಗಿ ೧೯೯೮ರಲ್ಲಿ ರಾಜ್ಯ ಸರ್ಕಾರವು ಆ ಪುಸ್ತಕವನ್ನು ನಿಷೇಧಿಸಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ನಿಷೇಧವನ್ನು ಎತ್ತಿಹಿಡಿಯಿತು. ಗ್ರಂಥವನ್ನು ನಿಷೇಧಿಸುವುದು ಉಚಿತವೆ ಎಂಬುದು ಬೇರೆಯ ಪ್ರಶ್ನೆ. ವಿದ್ವತ್ತಿನ ವಿವಾದಗಳಿಗೆ ಅದು ಯೋಗ್ಯವಾದ ಮದ್ದೆಂದು ಹೇಳುವುದು ಕಷ್ಟ. ಬದಲಾವಣೆಯ ಪರವಾಗಿ ಹೇಳಬಹುದಾದ ಬಲವಾದ ವಾದವೇನೆಂಬುದನ್ನು ಮಾತ್ರ ಇಲ್ಲಿ ನೋಡಬೇಕು. ಕೂಡಲಸಂಗಮವು ಊರು, ಸಂಗಮೇಶ್ವರನು ಸ್ಥಾವರಲಿಂಗ, ಇಷ್ಟಲಿಂಗವನ್ನು ಬೋಧಿಸಿದವರ ಬಾಯಲ್ಲಿ ಸ್ಥಾವರದ ಹೆಸರು ಹೊಂದದು, ಆದುದರಿಂದ ತತ್ತ್ವಕ್ಕೆ ಒಪ್ಪುವ ಹೆಸರನ್ನು ಇಡಬೇಕು. ಈ ವಾದವು ಹೆಸರನ್ನು ಲಕ್ಷಣವೆಂದು ತಿಳಿದಿದೆ. ಲಕ್ಷಣವಾಗಿದ್ದರೆ ಅದನ್ನು ತಿದ್ದಬಹುದಾಗಿತ್ತು. ನಂದಿಯ ಬಾಯಿಂದ ಲಿಂಗವು ಕೈಗೆ ಬಂದ ಕಥೆಯನ್ನು ಹೇಳಿದ ಹರಿಹರನಿಗೂ, ಅದನ್ನು ಕೇಳಿ ನಂಬಿದವರಿಗೂ ಆ ತೊಡಕು ಮೊದಲೇ ಬಿಡಿಸಿಹೋಗಿತ್ತು. ಹೆಸರಿನಲ್ಲಿ ಊರಿದೆ, ಕರೆಯುವಾಗ ಊರಿಲ್ಲ.

ಬಸವಣ್ಣನವರ ಪತ್ನಿಯಾದ ನೀಲಮ್ಮನ ಅಂಕಿತವು ಸಂಗಯ್ಯ. ಕೂಡಲದ ಊರೂ ದೇವನೆಂಬ ಬಿರುದೂ ಬಿಟ್ಟುಹೋಗಿ, ಮನೆಯೊಳಗಿನ ಸಲಿಗೆಯ ಹೆಸರಾಗಿ ಅದು ಉಳಿದಿದೆ. ಕಲ್ಯಾಣದ ಕ್ರಾಂತಿಯಾದ ಮೇಲೆ ಸಂಗಮದಲ್ಲಿದ್ದ ಬಸವಣ್ಣನವರು ಆಕೆಯನ್ನು ಕರೆತರಲು ಜನರನ್ನು ಕಳುಹಿಸಿದರೆಂದೂ, ಆಕೆ ಕೃಷ್ಣೆಯ ತಡಿಯ ತಂಗಡಗಿಯವರೆಗೆ ಬಂದು, ಅಲ್ಲಿರುವ ಸಂಗಯ್ಯನು ಇಲ್ಲಿಲ್ಲವೆ ಎಂದು ಕೇಳಿ, ಹೊಳೆಯನ್ನು ದಾಟದೆ ಅಲ್ಲಿಯೇ ಐಕ್ಯಳಾದಳೆಂದೂ ಪರಂಪರೆಯು ಹೇಳುತ್ತದೆ. ನಾರಾಯಣಪುರದ ಅಣೆಕಟ್ಟಿನಿಂದ ನದಿಯ ನೀರು ಮೇಲೇರಿದ ಮೇಲೆ ಸಂಗಮದ ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತಲೂ ಗೋಡೆಯನ್ನು ಕಟ್ಟಿ ಕಾಪಾಡಿದ್ದಾರೆ. ನೀಲಮ್ಮನ ಐಕ್ಯಮಂಟಪಕ್ಕೂ ಹಾಗೆಯೇ ಮಾಡಿದ್ದಾರೆ. ಯಾತ್ರೆಗೆ ಬಂದವರು ಎರಡು ಕಡೆಗೂ ಹೋಗಿ, ಬಾವಿಯಂತಾದ ಆ ಗೋಡೆಗಳೊಳಗೆ ಇಳಿದು ಕೈಮುಗಿಯುತ್ತಾರೆ.